ತೈಸ್ತೊ ಕೊಟ್ಟ ಉಸಿರು

ಬಾರಿನ ಹಿಂದಿನ ಅಂಗಳದಲ್ಲಿ ಡೇಲ್ ಗಾಡಿಯ ಕೀಲಿ ತಿರುಗಿಸಿದ. ಎಂಜಿನ್ ಏಳಲಿಲ್ಲ. ಪೀಪಿ ಕೂಗಿತು. ಟುಂಯ್... ಟುಂಯ್...

ಪೀಪಿ ನಾವಿಟ್ಟ ಹೆಸರು. ಕುಡಿದು ಗಾಡಿ ಓಡಿಸಿ ಮತ್ತೆ ಮತ್ತೆ ಸಿಕ್ಕಿಬಿದ್ದವರ ಗಾಡಿಗೆ ಕೋರ್ಟು ಅದನ್ನು ಕೂರಿಸುತ್ತದೆ. ಅಂಗೈಯಗಲದ ಕರಿ ಡಬ್ಬಿ, ಸುರುಳಿ ವೈರು, ಮೂತಿಗೊಂದು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಒಂದೇ ಸಮನೆ, ಉದ್ದಕ್ಕೆ ಊದಬೇಕು. ಉಸಿರು ಚೊಕ್ಕವಿದ್ದರೆ ಟಕ್ ಎಂದು ಹಸಿರು ದೀಪ, ಗಾಡಿ ಏಳುತ್ತದೆ. ಹೆಂಡ ಇದ್ದರೆ ಕೆಂಪು. ಉಸಿರು ಸಾಲದಿದ್ದರೆ ಹಳದಿ, ಮತ್ತೆ ಊದಬೇಕು. ಹೊರಟ ಮೇಲೂ ಬಿಡುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಟುಂಯ್ ಎಂದು ಮತ್ತೆ ಕೇಳುತ್ತದೆ.

ಡೇಲ್ ನನ್ನ ತಂಗಿಯ ಮಗ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಇನ್ನೊಂದು ಸಲ ಕೆಂಪು ಬಂದರೆ ಜೈಲು ಎಂದು ನ್ಯಾಯಾಧೀಶರು ಹೇಳಿ ಕಳಿಸಿದ್ದರು. ಅವತ್ತು ಶುಕ್ರವಾರ. ಕರಿದ ಮೀನು ತಿಂದು ಬರುತ್ತೇನೆ ಎಂದು ಹೋದವನು ಮೀನು ತಿಂದ. ಆಮೇಲೆ ಕುಡಿದ. ಬಾರಿನ ಯಜಮಾನ ಕೊನೆಯ ಲೋಟ ಕೊಡುವಾಗ, "ನಿನ್ನ ಗಾಡಿ ಮೂಗು ನಿನ್ನ ಹೆಂಡ್ತಿ ಮೂಗಿಗಿಂತ ಚುರುಕು ಕಣೋ, ನಡ್ಕೊಂಡು ಹೋಗು" ಎಂದನಂತೆ. ಎಲ್ಲರೂ ನಕ್ಕರಂತೆ.

ನಡೆಯಬಹುದಿತ್ತು. ಮನೆ ಹತ್ತಿರವೇ. ಆದರೆ ರಾತ್ರಿಯೆಲ್ಲ ಗಾಡಿ ಬಾರಿನ ಹಿಂದೆ ನಿಂತರೆ ಬೆಳಿಗ್ಗೆ ಊರಿಗೆಲ್ಲ ತಿಳಿಯುತ್ತದೆ. ಕಾರ್ಲಾಗೂ ತಿಳಿಯುತ್ತದೆ. ಕಾರ್ಲಾ ಅವನ ಹೆಂಡತಿ. ಇನ್ನು ಕುಡಿಯುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟು ಹೇಳಿದ್ದ. ಪೀಪಿಯನ್ನು ಕೈಯಲ್ಲಿ ಹಿಡಿದು ಕೂತ. ಊದುವ ಹಾಗಿಲ್ಲ. ಬಿಡುವ ಹಾಗಿಲ್ಲ.

ಆಗ ಹಿಂದಿನ ರಸ್ತೆಯಲ್ಲಿ ಬೂಟಿನ ಸದ್ದು. ಒಣಹಿಮದ ಮೇಲೆ ಕಿರ್ರ್... ಕಿರ್ರ್... ತೈಸ್ತೊ ಲಂಪಿ ಸಂಜೆಯ ಪ್ರಾರ್ಥನೆ ಮುಗಿಸಿ ಮನೆಗೆ ಹೊರಟಿದ್ದ.

ತೈಸ್ತೊನೂ ನಾನೂ ಹುಡುಗರಾಗಿದ್ದಾಗ ಒಂದೇ ಪಾಳಿಯಲ್ಲಿ ತಾಮ್ರದ ಗಣಿಗೆ ಇಳಿದವರು. ಗಣಿ ಮುಚ್ಚಿತು. ಅದರ ಧೂಳು ನಮ್ಮ ಎದೆಯಲ್ಲಿ ಉಳಿಯಿತು. ನನಗಿಂತ ಅವನಿಗೆ ಹೆಚ್ಚು. ನಾಲ್ಕು ಹೆಜ್ಜೆ ನಡೆದರೆ ನಿಲ್ಲುವನು. ಎದೆಯೊಳಗಿಂದ ಸುಂಯ್ ಎಂದು ಸಿಳ್ಳೆ ಬರುವುದು, ಕೊನೆಗೊಂದು ಗೊರ್. ಅವರ ಚರ್ಚಿನ ಸಭೆಯವರು ಕುಡಿಯುವುದಿಲ್ಲ. ತೈಸ್ತೊ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಸುಳ್ಳು ಹೇಳಿದವನೂ ಅಲ್ಲ. ಅದಕ್ಕೇ ಬೇರೆಯವರ ಸುಳ್ಳು ಅವನಿಗೆ ತಿಳಿಯುತ್ತಿರಲಿಲ್ಲ.

ಡೇಲ್ ಬಾಗಿಲು ತೆಗೆದು ಕರೆದ. ಕಾರ್ಲಾಗೆ ಹೊಟ್ಟೆನೋವು, ಬಿದ್ದು ಹೊರಳಾಡುತ್ತಿದ್ದಾಳೆ, ಬಾರಿಗೆ ಫೋನ್ ಬಂತು ಎಂದ.

ತೈಸ್ತೊ ಹತ್ತಿರ ಬಂದು ಮೂಸಿದ.

"ಕುಡಿದಿದ್ದೀಯ."

"ಕುಡಿದೆ. ಮನೆ ತನಕ ಗಾಡಿ ಮುಟ್ಟಿಸ್ತೀನಿ ಅಷ್ಟೆ. ಅಲ್ಲಿಂದ ಅವಳ ತಂಗಿ ಓಡಿಸ್ತಾಳೆ. ನೀವು ಒಂದ್ಸಲ ಊದಿಕೊಡಿ."

ತಂಗಿ ಬಂದಿರಲಿಲ್ಲ. ಹೊಟ್ಟೆನೋವೂ ಇರಲಿಲ್ಲ. ಕಾರ್ಲಾ ಮನೆಯಲ್ಲಿ ಕೂತು ಸಾಕ್ಸ್ ಹೆಣೆಯುತ್ತಿದ್ದಳು.

ಬೇರೆಯವನ ಪೀಪಿ ಊದುವುದು ಊದಿದವನಿಗೂ ತಪ್ಪು. ತೈಸ್ತೊಗೆ ಅದು ಗೊತ್ತಿತ್ತು. ಆದರೂ ಕೈಗವಸು ಬಿಚ್ಚಿದ. ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ತೆಗೆದು ಹಿಮಕ್ಕೆ ಉಗಿದ.

ಊದಿದ. ಸುಂಯ್... ಗೊರ್. ಹಳದಿ.

ಬಾನೆಟ್ಟಿಗೆ ಒರಗಿ ನಿಂತು ಸುಧಾರಿಸಿಕೊಂಡ. ಮತ್ತೆ ಊದಿದ. ಹಳದಿ.

ಡೇಲ್ ಸಾಕು ಎನ್ನಲಿಲ್ಲ. ಹಾಗಂತ ಅವನೇ ನನಗೆ ಹೇಳಿದ. ಇನ್ನೊಂದ್ಸಲ, ಇನ್ನೊಂದ್ಸಲ ಎಂದನಂತೆ.

ಮೂರನೆಯ ಸಲ ತೈಸ್ತೊ ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಬಾಗಿಲು ಹಿಡಿದು ಊದಿದ. ಮುಖ ನೀಲಿಗಟ್ಟಿತು. ಟಕ್. ಹಸಿರು.

ಗಾಡಿ ಎದ್ದಿತು. ನೀವೂ ಹತ್ತಿ, ಮನೆಗೆ ಬಿಟ್ಟು ಹೋಗ್ತೀನಿ ಎಂದ ಡೇಲ್. ಕುಡಿದವನ ಗಾಡಿ ನಾನು ಹತ್ತಲ್ಲ ಎಂದ ತೈಸ್ತೊ. ಅಷ್ಟು ಹೇಳಲೂ ಅವನಿಗೆ ಎರಡು ಉಸಿರು ಬೇಕಾಯಿತು. ಪೀಪಿ ಮತ್ತೆ ಕೇಳುವುದರೊಳಗೆ ಡೇಲ್ ಮನೆ ಮುಟ್ಟಿದ.

ತೈಸ್ತೊ ಮನೆ ಮುಟ್ಟಲಿಲ್ಲ.

ನಮ್ಮ ದಾರಿಯಲ್ಲಿ ಹಳೆಯ ಗಣಿಯ ಬಾಯಿ ಇದೆ. ಬಾವಿಯ ಹಾಗೆ ನೆಟ್ಟಗೆ ಇಳಿದದ್ದು. ಮೇಲೆ ಕಬ್ಬಿಣದ ಜಾಲರಿ, ಸುತ್ತ ತಂತಿಬೇಲಿ. ಚಳಿಗಾಲದಲ್ಲಿ ಅದರೊಳಗಿಂದ ಬೆಚ್ಚನೆಯ ಗಾಳಿ ಏಳುತ್ತದೆ, ಬೆಳ್ಳಗೆ, ದನದ ಮೂಗಿನ ಹಬೆಯ ಹಾಗೆ. ನಡೆದು ಹೋಗುವವರು ಅಲ್ಲಿ ನಿಂತು ಕೈ ಕಾಯಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ತೈಸ್ತೊ ಸುಧಾರಿಸಿಕೊಳ್ಳಲು ಕೂತಿರಬೇಕು. ಬೆಳಿಗ್ಗೆ ರಸ್ತೆಯ ಹಿಮ ತಳ್ಳುವವನು ನೋಡಿ ನನ್ನ ಮನೆ ಬಾಗಿಲು ತಟ್ಟಿದ. ನಾನೇ ಮೊದಲು ಹೋದವನು. ಬೇಲಿಗೆ ಬೆನ್ನು ಕೊಟ್ಟು ಕೂತಿದ್ದ. ಗವಸು ತೊಡೆಯ ಮೇಲೆ. ತುಟಿಗಳು ಮುಂದಕ್ಕೆ, ದುಂಡಗೆ... ಊದುವವನ ಹಾಗೆ.

ನನಗೆ ಆಗ ಅರ್ಥವಾಗಲಿಲ್ಲ. ಹೃದಯ ನಿಂತಿದೆ ಎಂದು ಬರೆದರು. ಮಣ್ಣು ಮಾಡಿದೆವು. ಸಭೆಯ ಹೆಂಗಸರು ಏಲಕ್ಕಿ ಬ್ರೆಡ್ಡು, ಕಾಫಿ ಕೊಟ್ಟರು. ಡೇಲ್ ಮೂಲೆಯಲ್ಲಿ ನಿಂತಿದ್ದ. ಕಾಫಿ ಮುಟ್ಟಲಿಲ್ಲ.

ಅಂದಿನಿಂದ ಅವನು ಕುಡಿಯಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಬಾಟಲಿಗಳನ್ನು ಕಾರ್ಲಾಳ ಎದುರೇ ಹಿಮಕ್ಕೆ ಸುರಿದ. ಅವಳು ಯಾಕೆ ಎಂದು ಕೇಳಲಿಲ್ಲ. ಇಂಥದ್ದನ್ನು ಯಾಕೆಂದು ಕೇಳಬಾರದು ಎನ್ನುವವಳು ಅವಳು.

ಆದರೆ ಪೀಪಿ ಅವನನ್ನು ಬಿಡಲಿಲ್ಲ.

ಮೊದಲು ಒಂದೇ ಊದಿಗೆ ಹಸಿರು ಬರುತ್ತಿತ್ತು. ಈಗ ಮೊದಲನೆಯದು ಹಳದಿ. ಎರಡನೆಯದೂ ಹಳದಿ. ಮೂರನೆಯದಕ್ಕೆ ಹಸಿರು. ದಿನಾ ಹಾಗೇ. ಮಿಲ್ಲಿಗೆ ಹೊರಟರೂ ಮೂರು, ಮಿಲ್ಲಿಂದ ಹೊರಟರೂ ಮೂರು. ಡೇಲ್ ಆಳುದ್ದದ ದಿಮ್ಮಿಗಳನ್ನು ಎತ್ತುವವನು, ಸಿಗರೇಟು ಸೇದದವನು. ಪಟ್ಟಣಕ್ಕೆ ಹೋಗಿ ಪೀಪಿ ಕೂರಿಸಿದವನಿಗೆ ತೋರಿಸಿದ. ಅವನು ತಾನೇ ಒಂದು ಸಲ ಊದಿದ. ಹಸಿರು. ಯಂತ್ರ ಸರಿಯಾಗಿದೆ, ನೀನು ಊದುವುದು ಸರಿಯಿಲ್ಲ ಎಂದ.

ಕಡುಚಳಿಗೆ ಪೀಪಿ ಮರಗಟ್ಟುತ್ತದೆ. ಅದಕ್ಕೇ ರಾತ್ರಿ ಅದನ್ನು ವೈರಿನಿಂದ ಬಿಚ್ಚಿ ಮನೆಯೊಳಗೆ ತರುತ್ತಾರೆ. ಡೇಲ್ ಒಲೆಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ. ಗಾಡಿಯಿಂದ ಬಿಚ್ಚಿದ ಮೇಲೆ ಅದಕ್ಕೆ ಜೀವವಿಲ್ಲ. ದೀಪ ಹತ್ತದು, ಕೂಗದು.

ಒಂದು ರಾತ್ರಿ ಡೇಲ್‌ಗೆ ಎಚ್ಚರವಾಯಿತು. ಒಲೆಯ ಕಡೆಯಿಂದ ಸದ್ದು. ಸುಂಯ್... ಗೊರ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ... ಸುಂಯ್... ಗೊರ್.

ಕಾರ್ಲಾ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಈ ಹೊತ್ತಲ್ಲಿ ಯಾಕ್ರೀ ಊದ್ತಿದೀರಾ?"

ಡೇಲ್ ಅವಳ ಪಕ್ಕದಲ್ಲೇ ಮಲಗಿದ್ದ. ಬಾಯಿ ಬಿಗಿಹಿಡಿದಿದ್ದ.

ಟಕ್, ಎಂದಿತು ಒಲೆಯ ಪಕ್ಕದಲ್ಲಿ.

ಇದಾದ ಮೇಲೆ ಫೆಬ್ರವರಿಯ ಹಿಮಗಾಳಿ ಬಂತು. ಸರೋವರದ ಕಡೆಯಿಂದ ಎದ್ದದ್ದು. ಮಧ್ಯಾಹ್ನಕ್ಕೇ ಕತ್ತಲು. ಕರೆಂಟು ಹೋಯಿತು, ಫೋನಿನ ತಂತಿ ಹರಿಯಿತು. ನಮ್ಮ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಮೊದಲೇ ಇಲ್ಲ. ಅವತ್ತು ಶನಿವಾರ. ಡೇಲ್ ಹಿತ್ತಲಿನ ಸೌನಾಕ್ಕೆ, ಹಬೆಸ್ನಾನದ ಕೋಣೆಗೆ, ಬೆಂಕಿ ಹಾಕಿ, ಸ್ನಾನ ಮುಗಿಸಿ ಒಳಗೆ ಬಂದಾಗ ಕಾರ್ಲಾ ಅಡುಗೆಮನೆಯ ನೆಲದ ಮೇಲಿದ್ದಳು. ಮೊಣಕಾಲು ಎದೆಗೆ ಎಳೆದುಕೊಂಡು.

ಹೊಟ್ಟೆನೋವು.

ಬೆಳಿಗ್ಗೆಯಿಂದ ಇತ್ತಂತೆ, ಹೇಳಿರಲಿಲ್ಲ. ಬಲಗಡೆ ಕೆಳಗೆ. ಈಗ ಮುಟ್ಟಲೂ ಬಿಡಳು. ಮೈ ಸುಡುತ್ತಿತ್ತು.

ಡೇಲ್ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದ. ಪೀಪಿ ಸಿಕ್ಕಿಸಿದ. ಕೀಲಿ ತಿರುಗಿಸಿದ. ಟುಂಯ್.

ಊದಿದ. ಹಳದಿ. ಊದಿದ. ಹಳದಿ. ಮೂರನೆಯದು... ಅದೂ ಹಳದಿ.

ನಾಲ್ಕನೆಯದು. ಐದನೆಯದು. ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದನಂತೆ. ಊದಲು ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಕೊಳವೆಯ ಆ ತುದಿಗೆ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಕಾರ್ಲಾಗೆ ಹಿಂದೆ ಮೂರ್ಛೆ ಬರುತ್ತಿತ್ತು, ಅವಳು ಗಾಡಿ ಓಡಿಸುವಂತಿಲ್ಲ. ಊದಬಹುದಲ್ಲ ಎಂದು ಕೊಳವೆಯನ್ನು ಅವಳ ಬಾಯಿಗೆ ಹಿಡಿದ. ಅವಳು ಒಂದು ಸಲ ಊದಲು ಹೋಗಿ ನೋವಿಗೆ ಮಡಚಿಕೊಂಡಳು. ಎರಡನೆಯ ಸಲ ತಲೆ ಎತ್ತಲಿಲ್ಲ.

ಡೇಲ್ ಪೀಪಿಗೆ ಕೈಮುಗಿದನಂತೆ. ನಗಬೇಡಿ. ಡಬ್ಬಿಗೆ ಕೈಮುಗಿದು ನಾನು ಕುಡಿದಿಲ್ಲ, ಕುಡಿದಿಲ್ಲ ಎಂದನಂತೆ.

ಅವಳನ್ನು ಮತ್ತೆ ಒಳಗೆ ಒಲೆಯ ಹತ್ತಿರ ಮಲಗಿಸಿದ. ನನ್ನ ಮನೆಯೇ ಅವನಿಗೆ ಹತ್ತಿರದ ಮನೆ. ನನ್ನ ಕಣ್ಣಿಗೆ ಪೊರೆ ಬಂದ ಮೇಲೆ ನಾನು ಗಾಡಿ ಇಟ್ಟುಕೊಂಡಿಲ್ಲ. ಅವನಿಗೆ ಬೇಕಾಗಿದ್ದದ್ದು ಗಾಡಿಯಲ್ಲ, ಒಂದು ಉಸಿರು. ಮಾವನನ್ನು ಹೊತ್ತುಕೊಂಡಾದರೂ ಬಂದು ಊದಿಸುತ್ತೇನೆ ಎಂದು ಹೊರಟ. ನನ್ನ ಎದೆಯೂ ತೈಸ್ತೊನ ಎದೆಯ ಹಾಗೇ ಎಂಬುದು ಅವನಿಗೆ ಹೊಳೆಯಲಿಲ್ಲ. ಹೆಂಡತಿ ಸಾಯುತ್ತಿದ್ದರೆ ಯಾರಿಗೆ ಏನು ಹೊಳೆಯುತ್ತದೆ.

ನನ್ನ ಮನೆಗೆ ಬರಬೇಕಾದರೆ ಗಣಿಯ ಬಾಯಿ ದಾಟಬೇಕು.

ಮುಖಕ್ಕೆ ಹಿಮ ಹೊಡೆಯುತ್ತಿತ್ತು. ಟಾರ್ಚಿನ ಬೆಳಕು ಕೈಯಳತೆಗಿಂತ ಮುಂದೆ ಹೋಗುತ್ತಿರಲಿಲ್ಲ. ಬೇಲಿಯನ್ನು ಕೈಯಲ್ಲಿ ಹಿಡಿದು ಹಿಡಿದು ನಡೆದ. ತಂತಿ ಝಣ್... ಝಣ್... ಎನ್ನುತ್ತಿತ್ತು. ಒಂದು ಕಡೆ ಸದ್ದು ನಿಂತಿತು. ತಂತಿಯನ್ನು ಆಚೆಯಿಂದ ಯಾರೋ ಒರಗಿ ಬಿಗಿಹಿಡಿದ ಹಾಗೆ.

ಗಾಳಿಯೂ ನಿಂತಿತು.

ಕೆಳಗಿನಿಂದ ಹಬೆ ಏಳುತ್ತಿತ್ತು. ಬೆಚ್ಚಗೆ ಅವನ ಮುಖಕ್ಕೆ ತಾಗಿತು. ಕಾಫಿಯ ವಾಸನೆ. ಪೆಪ್ಪರ್‌ಮಿಂಟಿನ ವಾಸನೆ.

ಸುಂಯ್... ಗೊರ್.

"ಯಾರಿಗೆ ಹುಷಾರಿಲ್ಲ?"

ಪಿಸುಮಾತು. ಬೇಲಿಯ ಬುಡದಲ್ಲಿ, ಕೂತವರ ಎತ್ತರದಿಂದ.

ಡೇಲ್ ಟಾರ್ಚನ್ನು ಆ ಕಡೆ ತಿರುಗಿಸಲಿಲ್ಲ. ತಿರುಗಿಸಲು ಧೈರ್ಯವಾಗಲಿಲ್ಲ ಎಂದು ಆಮೇಲೆ ನನಗೆ ಹೇಳಿದ.

"ಕಾರ್ಲಾಗೆ," ಎಂದ. "ಹೊಟ್ಟೆನೋವು."

"ಆವತ್ತೂ ಹಾಗೇ ಅಂದೆ."

"ಆವತ್ತು ಸುಳ್ಳು. ಇವತ್ತು ನಿಜ."

ಡೇಲ್ ಹಿಮದಲ್ಲಿ ಮೊಣಕಾಲೂರಿ ಕೂತ. ಜೈಲಿಗೆ ಹೋಗ್ತೀನಿ, ನಾಳೆಯೇ ಎಲ್ಲರಿಗೂ ಹೇಳ್ತೀನಿ, ಏನು ಬೇಕಾದರೂ ಮಾಡ್ತೀನಿ, ಈಗೊಂದು ಸಲ ಬಿಟ್ಟುಬಿಡಿ ಎಂದ. ಅಳುತ್ತಿದ್ದ. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟುತ್ತಿತ್ತು.

"ನಿಂದು ಬರಲ್ಲ," ಎಂದಿತು ಆ ಪಿಸುಮಾತು. "ನಂದು ತಗೋ."

"ಕೊಡಿ."

"ಚೆನ್ನಾಗಿಲ್ಲ ಅದು. ಗೊತ್ತಲ್ಲ."

"ಹೇಗಿದ್ರೂ ಸರಿ."

"ಆಮೇಲೆ ಬೇಡ ಅನ್ನಬಾರದು."

"ಅನ್ನಲ್ಲ."

ಹಬೆ ಒಮ್ಮೆ ದಟ್ಟವಾಗಿ ಅವನ ಬಾಯಿ ಮೂಗು ತುಂಬಿತಂತೆ. ಬಿಸಿ. ಕಲ್ಲು ಒಡೆದಾಗ ಬರುವ ವಾಸನೆ. ಕೆಮ್ಮು ಬಂತು. ಕೆಮ್ಮಿ ತಲೆ ಎತ್ತಿದಾಗ ಗಾಳಿ ಮತ್ತೆ ಶುರುವಾಗಿತ್ತು. ತಂತಿ ಝಣ್ ಎಂದಿತು. ಬೇಲಿಯ ಬುಡದಲ್ಲಿ ಯಾರೂ ಇರಲಿಲ್ಲ.

ನನ್ನ ಮನೆಗೆ ಅವನು ಬರಲಿಲ್ಲ. ನಾನು ಎಚ್ಚರವಾಗಿಯೇ ಇದ್ದೆ, ಒಲೆಯ ಮುಂದೆ. ಗಣಿಯ ಕಡೆಯಿಂದ ಒಂದು ಕೆಮ್ಮು ಕೇಳಿತು. ಆ ಗಾಳಿಯಲ್ಲಿ ಕೇಳುವ ಹಾಗಿರಲಿಲ್ಲ. ಆದರೂ ಕೇಳಿತು. ಅದು ಯಾರ ಕೆಮ್ಮು ಎಂದು ನನಗೆ ಗೊತ್ತಾಯಿತು. ಒಂದೇ ಪಾಳಿಯಲ್ಲಿ ಅಷ್ಟು ವರ್ಷ ಕೇಳಿದವನು ನಾನು. ಎದ್ದು ಬಾಗಿಲ ಅಗಳಿ ಹಾಕಿದೆ.

ಡೇಲ್ ಮನೆಗೆ ಓಡಿದ. ದಾರಿಯಲ್ಲಿ ಎರಡು ಸಲ ನಿಲ್ಲಬೇಕಾಯಿತಂತೆ. ದಿಮ್ಮಿ ಎತ್ತುವವನು... ನಾಲ್ಕು ಹೆಜ್ಜೆಗೆ ನಿಂತ. ಕಾರ್ಲಾ ಮಲಗಿಸಿದಲ್ಲೇ ಇದ್ದಳು, ಕರೆದರೆ ಕಣ್ಣು ಮಾತ್ರ ಆಡಿಸಿದಳು. ಎತ್ತಿಕೊಂಡ. ಕೂರಿಸಿದ. ಕೀಲಿ. ಟುಂಯ್.

ಊದಿದ.

ಸುಂಯ್... ಗೊರ್.

ಅವನ ಎದೆಯಿಂದಲೇ ಬಂತು ಆ ಸದ್ದು. ಹಳದಿ. ಮತ್ತೆ ಊದಿದ. ಹಳದಿ. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೂರನೆಯ ಸಲ ಊದಿದ. ಟಕ್.

ಹಸಿರು.

ಗುಡ್ಡ ಹತ್ತಿ ಇಳಿದರೆ ಆಸ್ಪತ್ರೆ. ಹಿಮದಲ್ಲಿ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯದು. ರಸ್ತೆಯಂಚಿಗೆ ಗುರುತಿಗೆ ನೆಟ್ಟ ಕೋಲುಗಳನ್ನು ನೋಡಿಕೊಂಡು ಓಡಿಸಿದ. ಪೀಪಿ ನಡುನಡುವೆ ಕೇಳುತ್ತಲೇ ಇತ್ತು. ಕೇಳಿದಾಗೆಲ್ಲ ಒಂದು ಕೈಯಲ್ಲಿ ಸ್ಟಿಯರಿಂಗ್, ಒಂದು ಕೈಯಲ್ಲಿ ಕೊಳವೆ. ಕೇಳಿದಾಗೆಲ್ಲ ಮೂರು ಊದು. ಒಮ್ಮೆ ಕಣ್ಣು ಕತ್ತಲಿಟ್ಟು ಗಾಡಿ ಅಂಚಿಗೆ ಸರಿಯಿತು. ಕಾರ್ಲಾ ಆಗ ಕಣ್ಣು ತೆರೆದು ಅವನ ಕಡೆ ನೋಡಿದಳಂತೆ.

"ಹಿಂದೆ ಯಾರು?" ಎಂದಳು.

"ಯಾರೂ ಇಲ್ಲ."

"ಕೆಮ್ಮಿದ್ರಲ್ಲ."

"ನಾನೇ ಕೆಮ್ಮಿದ್ದು."

ಅವಳು ಮತ್ತೆ ಕಣ್ಣು ಮುಚ್ಚಿದಳು.

ಆಸ್ಪತ್ರೆಯ ಬಾಗಿಲಲ್ಲಿ ಹಾರ್ನ್ ಒತ್ತಿ ಹಿಡಿದ. ಒಳಗಿಂದ ಜನ ಬಂದರು. ಕಾರ್ಲಾಳ ಕರುಳಿನ ಬಾಲ, ಅಪೆಂಡಿಕ್ಸ್ ಅನ್ನುತ್ತಾರಲ್ಲ, ಅದು ಒಡೆದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು. ರಾತ್ರಿಯೇ ಕೊಯ್ದರು. ಬದುಕಿದಳು. ಈಗಲೂ ಇದ್ದಾಳೆ. ಹೋದ ವಾರ ನನಗೆ ಸಾಕ್ಸ್ ಕಳಿಸಿದ್ದಳು, ಕಾಲಲ್ಲಿ ಇದೆ ನೋಡಿ.

ಡೇಲ್ ನಿಂತಲ್ಲಿಂದ ಕುಸಿದನಂತೆ, ಅವಳನ್ನು ಒಳಗೆ ಒಯ್ದ ಮೇಲೆ. ಅವನನ್ನೂ ಮಲಗಿಸಿದರು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಕುಡಿದಿದ್ದಾನೇನೋ ಎಂದು ರಕ್ತ ತೆಗೆದು ನೋಡಿದರು. ಒಂದು ಹನಿಯೂ ಇರಲಿಲ್ಲ.

ಎರಡು ದಿನ ಬಿಟ್ಟು ರಸ್ತೆ ತೆರೆಯಿತು. ನಾನು ಹಿಮ ತಳ್ಳುವವನ ಗಾಡಿಯಲ್ಲಿ ಹೋದೆ. ಡೇಲ್ ಹಾಸಿಗೆಯ ಮೇಲೆ ಒರಗಿ ಕೂತಿದ್ದ. ಇದನ್ನೆಲ್ಲ ಆಗ ಹೇಳಿದ್ದು. ಒಂದು ಮಾತು, ಒಂದು ಉಸಿರು. ಒಂದು ಮಾತು, ಒಂದು ಉಸಿರು. ಹೇಳಿ ಮುಗಿಸಲು ಮಧ್ಯಾಹ್ನ ಕಳೆಯಿತು. ಅವನ ಎದೆಯ ಸದ್ದು ಕೇಳುತ್ತ ಕೂತಿದ್ದೆ. ಕೊನೆಯಲ್ಲಿ ಅವನೇ ಕೇಳಿದ.

"ಮಾವ, ನಂಬ್ತೀಯಾ?"

"ಮಲ್ಕೋ," ಎಂದೆ.

ಸಂಜೆ ಡಾಕ್ಟರು ಬಂದರು. ಹೊರಗಿನವರು, ಚಿಕ್ಕ ವಯಸ್ಸಿನವರು. ಅವನ ಎದೆಯ ಎಕ್ಸ್-ರೇಯನ್ನು ಗೋಡೆಯ ದೀಪಕ್ಕೆ ಹಿಡಿದರು. ಎರಡೂ ಕಡೆ ಬಿಳಿ ಚುಕ್ಕೆ, ಬೀಜ ಚೆಲ್ಲಿದ ಹಾಗೆ. ನನಗೆ ಆ ಚಿತ್ರ ಗೊತ್ತು. ನನ್ನದೂ ಹಾಗೇ ಇದೆ. ತೈಸ್ತೊನದೂ ಹಾಗೇ ಇತ್ತು. ಡಾಕ್ಟರು ಡೇಲ್‌ನ ಕಡೆ ತಿರುಗಿ, ಗಣಿಯಲ್ಲಿ ಎಷ್ಟು ವರ್ಷ ಕಲ್ಲು ಕೊರೆದಿರಿ ಎಂದು ಕೇಳಿದರು.

ಡೇಲ್ ನನ್ನನ್ನು ನೋಡಿದ.

ನಡೆದದ್ದು ಇದು. ಕಟ್ಟಿ ಹೇಳುವ ವಯಸ್ಸು ನನ್ನದಲ್ಲ. ಗಣಿ ಮುಚ್ಚಿದಾಗ ಡೇಲ್ ಹುಟ್ಟಿರಲಿಲ್ಲ.